ಚಪ್ಪಡಿ ಕಲ್ಲು ಒಳಗೋ ಹೊರಗೋ

ಮಧ್ಯಾಹ್ನ ಉಂಡು ಕೂತರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಜಯನಗರದ ನಮ್ಮ ಬೀದಿಯಲ್ಲಿ ಆ ಹೊತ್ತಿಗೆ ತರಕಾರಿ ಗಾಡಿಯವರ ಕೂಗೂ ಇರುವುದಿಲ್ಲ. ಹೊಂಗೆ ಮರದ ನೆರಳು ಕಿಟಕಿಯಿಂದ ಒಳಗೆ ಬಂದು ಗೋಡೆಯ ಮೇಲೆ ಮೆಲ್ಲಗೆ ತೂಗುತ್ತಿರುತ್ತದೆ. ಅರೆನಿದ್ದೆಯಲ್ಲಿ ಯಾರೋ ಟೈಪ್ ಮಾಡುವ ಸದ್ದು, ಸಾಲು ಮುಗಿದಾಗಿನ ಟಿಣ್ ಗಂಟೆ, ಆಮೇಲೆ ಎಲ್ಲೋ ಉದ್ದನೆಯ ವರಾಂಡದಲ್ಲಿ ಕೋರ್ಟಿನ ಜವಾನ ಯಾರದೋ ಹೆಸರನ್ನು ಮೂರು ಸಲ ಕೂಗುವುದು ಕೇಳಿಸುತ್ತದೆ. ಬೆಚ್ಚಿ ಕಣ್ಣು ಬಿಟ್ಟರೆ ಏನೂ ಇಲ್ಲ, ಮೇಲಿನ ಮನೆಯವರ ಹಳೇ ಫ್ಯಾನು.

ವಕೀಲರ ಆಫೀಸಿಗೆ ಹೊಸದಾಗಿ ಸೇರುವ ಹೆಣ್ಣುಮಕ್ಕಳಿಗೆ ಅಂತ ಇದನ್ನು ಬರೆಯುತ್ತಿದ್ದೇನೆ. ಕಾಯಿದೆ ಕಾನೂನು ನಿಮಗೆ ಯಾರಾದರೂ ಕಲಿಸುತ್ತಾರೆ. ನನಗೆ ಅದು ಗೊತ್ತೂ ಇಲ್ಲ, ಗೊತ್ತಿದೆ ಅಂತ ನಟಿಸುವ ವಯಸ್ಸೂ ದಾಟಿತು. ನಾನು ಹೆಸರಿಗೆ ಟೈಪಿಸ್ಟ್. ಫೈಲು ಹೊಲಿಯುವುದು, ಸ್ಟಾಂಪು ಅಂಟಿಸುವುದು, ಬಂದವರಿಗೆ ಕಾಫಿ ತರಿಸುವುದು, ಅಳುವವರಿಗೆ ನೀರು ಕೊಡುವುದು, ಸುಳ್ಳು ಹೇಳುವವರನ್ನು ಸುಮ್ಮನೆ ನೋಡುತ್ತಾ ಕೂರುವುದು ಎಲ್ಲವೂ ನನ್ನ ಪಾಲಿಗೇ. ಆ ಕೊನೆಯ ಕೆಲಸ ನನಗೆ ಚೆನ್ನಾಗಿ ಬರುತ್ತಿತ್ತು.

ನಮ್ಮ ಸಾರ್ ತಮ್ಮ ಮನೆಯ ಮುಂದಿನ ಕೋಣೆಯನ್ನೇ ಆಫೀಸು ಮಾಡಿಕೊಂಡಿದ್ದರು. ಸಿವಿಲ್ ಕೇಸಿನವರು. ಮೃದು ಮನುಷ್ಯ, ಆದರೆ ಒಂದು ವಿಚಿತ್ರ ಅಭ್ಯಾಸ. ಯಾರಿಗೂ ನೇರವಾಗಿ ಹೇಳಲಾಗದ್ದನ್ನು ದಿನಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಪತ್ರಿಕೆಗೆ ಹೇಳುತ್ತಿದ್ದರು. ನಾನು ತಡವಾಗಿ ಬಂದರೆ, ಬಿಟಿಎಸ್ ಬಸ್ಸುಗಳು ಈಚೆಗೆ ಹೊತ್ತಿಗೆ ಸರಿಯಾಗಿ ಬರುವುದಿಲ್ಲವಂತೆ ಎಂದು ಪತ್ರಿಕೆಯ ಹಿಂದಿನಿಂದ ದನಿ ಬರುತ್ತಿತ್ತು. ನಾನೂ ಬಿಡುತ್ತಿರಲಿಲ್ಲ. ಯಾವ ಪುಟದಲ್ಲಿದೆ ಸಾರ್, ನಾನೂ ಓದ್ತೀನಿ ಕೊಡಿ ಅನ್ನುತ್ತಿದ್ದೆ.

ಇನ್ನೊಂದು ಪದ್ಧತಿ ಇತ್ತು, ಅದನ್ನು ನೀವು ಕಲಿತರೆ ಒಳ್ಳೆಯದು. ನಮ್ಮ ಕಾಲದಲ್ಲಿ ಕೋರ್ಟಿಗೆ ಕೊಡುವ ಪ್ರಮಾಣಪತ್ರಗಳೆಲ್ಲ ಇಂಗ್ಲಿಷಿನಲ್ಲಿ. ಸಹಿ ಹಾಕುವವರಿಗೆ ಕನ್ನಡದಲ್ಲಿ ಓದಿ ತಿಳಿಸಲಾಗಿದೆ ಅಂತ ಕೊನೆಯಲ್ಲೊಂದು ಸಾಲು. ಎಷ್ಟೋ ಕಡೆ ಅದು ಬರೀ ಸಾಲು. ನಮ್ಮಲ್ಲಿ ನಿಜವಾಗಿ ಓದಬೇಕು, ಓದುವವಳು ನಾನು. ತಮ್ಮದೇ ಸಂಕಟವನ್ನು ಬೇರೊಬ್ಬಳ ಬಾಯಿಂದ ಕೇಳುವಾಗ ಮನುಷ್ಯರ ಮುಖ ಹೇಗಾಗುತ್ತದೆ ಎಂದು ನಾನು ನೋಡಿದ್ದೇನೆ. ಕೆಲವರು ಅಲ್ಲೇ ನಿಲ್ಲಿಸಿ, ಇಷ್ಟೊಂದು ಆಗಿಲ್ಲ ಮೇಡಂ, ಸ್ವಲ್ಪ ಕಮ್ಮಿ ಮಾಡಿ ಅನ್ನುತ್ತಿದ್ದರು.

ಇನ್ನು ಚಕ್ಕುಬಂದಿ. ಅಂದರೆ ಜಾಗದ ನಾಲ್ಕು ಎಲ್ಲೆ, ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಏನು ಅಂತ. ಆಸ್ತಿ ಕೇಸಿನಲ್ಲಿ ಜೀವ ಇರುವುದು ಅದರಲ್ಲಿ. ಒಮ್ಮೆ ನಮ್ಮಲ್ಲಿದ್ದ ಜೂನಿಯರ್ ವಕೀಲರೊಬ್ಬರು ಜಾಗಕ್ಕೆ ಬೆನ್ನು ಮಾಡಿ ನಿಂತು ಎಡಬಲ ಗುರುತು ಹಾಕಿಕೊಂಡು ಬಂದರು. ಎಲ್ಲೆಗಳೆಲ್ಲ ತಲೆಕೆಳಗು. ಅಮೀನರು ಕೋರ್ಟಿನ ಆದೇಶ ತಂದು, ಆ ಎಲ್ಲೆ ನೋಡಿಕೊಂಡು, ಪಕ್ಕದ ಟೈಲರ್ ಅಂಗಡಿಯ ಬಾಗಿಲಿಗೆ ಅಂಟಿಸಿ ಹೋದರು. ಪಾಪ, ಆ ಟೈಲರ್ ಅಂಗಡಿಗೆ ಬೀಗ ಜಡಿದು ಬಿಳೇಕಹಳ್ಳಿಯ ಮಾವನ ಮನೆ ಸೇರಿಕೊಂಡ. ಹಬ್ಬದ ರವಿಕೆಗಳೆಲ್ಲ ಒಳಗೆ. ಬೀದಿಯ ಹೆಂಗಸರು ನಮ್ಮ ಆಫೀಸಿಗೇ ಬಂದು ಕೂತರು. ಕೊನೆಗೆ ಸಾರ್ ತಾವೇ ಬಿಳೇಕಹಳ್ಳಿಗೆ ಹೋಗಿ, ಅವನನ್ನು ಕರೆತಂದು, ಸಮಾಧಾನಕ್ಕೆ ತಮ್ಮ ಕರೀ ಕೋಟಿಗೆ ಒಂದು ಗುಂಡಿ ಹೊಲಿಸಿಕೊಂಡು ಬಂದರು. ಅಂದಿನಿಂದ ಚಕ್ಕುಬಂದಿ ಬಂದರೆ ನಾನು ಬೆರಳಿಟ್ಟು ಓದುತ್ತಿದ್ದೆ.

ಇಷ್ಟೆಲ್ಲ ಕೇಸುಗಳಲ್ಲಿ ನಿದ್ದೆಗಣ್ಣಿನಲ್ಲೂ ಬರುವುದು ಒಂದೇ, ಗಿರಿಜಮ್ಮನದು.

ತೊಂಬತ್ತರ ದಶಕ ಅರ್ಧ ಕಳೆದಿತ್ತು. ಬನಶಂಕರಿ ಎರಡನೇ ಹಂತದಿಂದ ಒಬ್ಬಳು ಹೆಂಗಸು ಬೆಳಿಗ್ಗೆ ಬೆಳಿಗ್ಗೆಯೇ ಬಂದಳು. ಜೊತೆಗೆ ಸ್ಕೂಲ್ ಯೂನಿಫಾರಂ ಹಾಕಿದ್ದ ಮಗಳು ಉಮಾ. ಗಿರಿಜಮ್ಮನ ತಂದೆ ತೀರಿಕೊಂಡಿದ್ದರು. ಕೊನೆಗಾಲದಲ್ಲಿ ನೋಡಿಕೊಂಡ ಮಗಳಿಗೆ ಅಂತ ಮನೆಯನ್ನು ಗಿರಿಜಮ್ಮನ ಹೆಸರಿಗೆ ವಿಲ್ ಬರೆದಿದ್ದರು. ತಮ್ಮ ಮಲ್ಲೇಶನಿಗೆ ಅದು ಸಿಡಿಲು ಬಡಿದ ಹಾಗಾಯಿತು. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಸುಬ್ರಹ್ಮಣ್ಯಪುರದಲ್ಲಿ ಬಾಡಿಗೆ ಮನೆ. ಕುಡಿದು ಬಂದು, ಕಿಟಕಿ ಗಾಜು ಪುಡಿ ಮಾಡಿ, ಅಡುಗೆಮನೆಯ ಪಾತ್ರೆಗಳನ್ನೆಲ್ಲ ಬೀದಿಗೆ ಎಸೆದಿದ್ದ. ಗಿರಿಜಮ್ಮನ ಯಜಮಾನರಿಗೆ ಬೇರೆ ಊರಲ್ಲಿ ಕೆಲಸ. ಮನೆಯಲ್ಲಿ ಇವಳು, ಮಗಳು, ವಯಸ್ಸಾದ ತಾಯಿ ಗೌರಮ್ಮ. ನಾನು ಟೈಪ್ ಮಾಡುವಾಗ ಆ ಮಗು ಪಕ್ಕದಲ್ಲೇ ನಿಂತು, ಟಿಣ್ ಅಂದಾಗಲೆಲ್ಲ ಬೆಚ್ಚಿಬೀಳುತ್ತಿತ್ತು. ಅದನ್ನು ನೋಡಿ ನನಗೆ ಆ ಮಲ್ಲೇಶನ ಮೇಲೆ ಮೈಯೆಲ್ಲ ಉರಿದುಹೋಯಿತು.

ಕೋರ್ಟು ತಡೆಯಾಜ್ಞೆ ಕೊಟ್ಟಿತು. ಜನರ ಬಾಯಲ್ಲಿ ಅದು ಸ್ಟೇ. ಕೇಸು ಮುಗಿಯುವವರೆಗೆ ಮಲ್ಲೇಶನಾಗಲಿ ಅವನ ಕಡೆಯವರಾಗಲಿ ಆ ಮನೆಯ ಎಲ್ಲೆಯೊಳಗೆ ಕಾಲಿಡಬಾರದು. ಕೋರ್ಟಿನಲ್ಲಿ ಜವಾನ ಅವನ ಹೆಸರನ್ನು ಮೂರು ಸಲ ಕೂಗಿದ. ಯಾರೂ ಬರಲಿಲ್ಲ. ಬಾರದವನ ಗೈರಿನಲ್ಲೇ ಕೇಸು ನಡೆಯತೊಡಗಿತು.

ಸ್ವಲ್ಪ ದಿನದ ಮೇಲೆ ಗ್ರೀಸು ಹತ್ತಿದ ನೀಲಿ ಬಟ್ಟೆಯ ಆಳೊಬ್ಬ ಚಪ್ಪಲಿ ಹೊರಗೆ ಬಿಟ್ಟು ನಮ್ಮ ಆಫೀಸಿನ ಬಾಗಿಲಲ್ಲಿ ನಿಂತ. ನಾನೇ ಮಲ್ಲೇಶ ಅಂದ. ನನ್ನ ಕೈ ತಾನಾಗಿ ಪೇಪರ್‌ವೇಟಿನ ಮೇಲೆ ಹೋಯಿತು. ಅವನು ಗಲಾಟೆ ಮಾಡಲು ಬಂದಿರಲಿಲ್ಲ, ಒಂದು ಪ್ರಶ್ನೆ ಕೇಳಲು ಬಂದಿದ್ದ.

"ಅವ್ವನ್ನ ನೋಡ್ಬೇಕು ಸಾರ್. ಅವ್ವಂಗೆ ಮಂಡಿ ನೋವು, ರಸ್ತೆಗೆ ಇಳಿಯೋಕಾಗಲ್ಲ. ಗೇಟ್ ಮುಂದೆ ಮೋರಿ ಮೇಲೆ ಒಂದು ಚಪ್ಪಡಿ ಕಲ್ಲಿದೆ. ಅದು ಒಳಗೋ ಹೊರಗೋ? ಅಷ್ಟು ಹೇಳಿದ್ರೆ ಸಾಕು."

ಸಾರ್ ತಲೆಯಾಡಿಸಿದರು. ನೀನು ಎದುರು ಪಾರ್ಟಿಯಪ್ಪಾ, ನಾನು ನಿನಗೆ ಏನೂ ಹೇಳುವ ಹಾಗಿಲ್ಲ, ಬೇರೆ ವಕೀಲರನ್ನು ನೋಡು ಅಂದರು. ಅವನು ಕದಲಲಿಲ್ಲ. ಅಲ್ಲೇ ಬಾಗಿಲ ಚೌಕಟ್ಟು ಹಿಡಿದು ನೆಲ ನೋಡುತ್ತಾ ನಿಂತ. ಸಾರ್ ನಿಧಾನವಾಗಿ ಪತ್ರಿಕೆ ಬಿಡಿಸಿ ಮುಖಕ್ಕೆ ಹಿಡಿದು ನನ್ನನ್ನು ಕರೆದರು.

"ನೋಡಿ ಲಲಿತಮ್ಮ, ಈ ಕಾರ್ಪೊರೇಷನ್‌ನವರ ಹಣೆಬರಹ. ಮನೆ ಮುಂದಿನ ಮೋರಿ ಅವರ್ದು, ಅದರ ಮೇಲಿನ ಚಪ್ಪಡೀನೂ ಅವರ್ದೇ. ಆದ್ರೂ ಒಂದು ದಿನಾನೂ ಬಂದು ನೋಡಲ್ಲ."

ಅವರು ಹಿಡಿದಿದ್ದು ಕ್ರಿಕೆಟ್ ಪುಟ. ಮಲ್ಲೇಶನಿಗೆ ಅರ್ಥವಾಯಿತು. ಪತ್ರಿಕೆಗೆ ಕೈಮುಗಿದು ಹೊರಟ. ನನಗೆ ತಡೆಯಲಾಗಲಿಲ್ಲ, ಮೆಟ್ಟಿಲವರೆಗೆ ಹೋಗಿ, ಅಷ್ಟು ತಾಯಿ ಮೇಲೆ ಪ್ರಾಣ ಇದ್ದವನು ಕೋರ್ಟಿಗೆ ಯಾಕೆ ಬರಲಿಲ್ಲ ಎಂದು ಜೋರಾಗಿಯೇ ಕೇಳಿದೆ.

"ಬಂದಿದ್ದೆ ಮೇಡಂ. ಹೊರಗೆ ಮರದ ಕೆಳಗೆ ಕೂತಿದ್ದೆ. ಮೂರು ಸಲಾನೂ ಕೇಳಿಸ್ತು. ಒಳಗೆ ಬಂದು ಏನಂತ ಹೇಳ್ಲಿ? ಗಾಜು ಒಡೆದಿದ್ದು ನಾನೇ ಅಲ್ವಾ."

ಅಂದಿನಿಂದ ನನ್ನ ಸಿಟ್ಟಿನ ಬುಡ ಸಡಿಲವಾಯಿತು.

ನಾನು ಆಗಾಗ ಭಾನುವಾರ ಬನಶಂಕರಿ ದೇವಸ್ಥಾನಕ್ಕೆ ಹೋಗುತ್ತಿದ್ದೆ. ದಾರಿ ಸ್ವಲ್ಪ ಸುತ್ತು ಹಾಕಿದರೆ ಗಿರಿಜಮ್ಮನ ಬೀದಿ. ಬೇಕೆಂದೇ ಸುತ್ತು ಹಾಕುತ್ತಿದ್ದೆ ಅನ್ನಿ. ಎಳೆ ಬಿಸಿಲು, ಬೀದಿಯ ತುಂಬ ಉದುರಿದ ಗುಲ್‌ಮೊಹರ್ ಹೂವು, ಯಾರ ಮನೆಯಲ್ಲೋ ರೇಡಿಯೋ. ಆ ಚಪ್ಪಡಿಯ ಮೇಲೆ ಮಲ್ಲೇಶ ನಿಂತಿರುತ್ತಿದ್ದ. ಗೇಟಿನ ಆಚೆ ಗೌರಮ್ಮ ಒಂದು ಮಣೆ ಹಾಕಿಕೊಂಡು ಕೂತಿರುತ್ತಿದ್ದರು. ಗೇಟಿನ ಸರಳುಗಳ ನಡುವೆ ಸ್ಟೀಲ್ ಲೋಟದ ಕಾಫಿ ಈಚೆ ಬರುತ್ತಿತ್ತು, ಖಾಲಿ ಲೋಟ ಆಚೆ ಹೋಗುತ್ತಿತ್ತು. ಇಬ್ಬರೂ ಹೆಚ್ಚು ಮಾತಾಡಿದ್ದನ್ನು ನಾನು ಕಾಣೆ. ಮಳೆ ಬಂದರೆ ಅವನು ಛತ್ರಿ ಹಿಡಿದು ನಿಲ್ಲುತ್ತಿದ್ದ. ಒಮ್ಮೆ ಜಡಿಮಳೆಯಲ್ಲಿ ಗೌರಮ್ಮ ಒಳಗೆ ಬಾರೋ ಎಂದು ಅಳುತ್ತಿದ್ದರಂತೆ. ಅವನು ಬರಲಿಲ್ಲವಂತೆ. ಗಿರಿಜಮ್ಮ ಕಿಟಕಿಯ ಪರದೆ ಸರಿಸಿ ನೋಡಿ, ಮತ್ತೆ ಮುಚ್ಚಿಕೊಂಡಳಂತೆ. ಇದನ್ನು ಅವಳೇ ನನಗೆ ಹೇಳಿದ್ದು. ಹೇಳಿ, ಅವನ ಹಟ ನೋಡಿ ಮೇಡಂ ಅಂದಿದ್ದಳು. ಯಾರ ಹಟ ಅಂತ ನಾನು ಕೇಳಲಿಲ್ಲ.

ವರ್ಷಗಳು ಹಾಗೇ ಕನಸಿನಂತೆ ಸರಿದವು. ನಮ್ಮ ಬೀದಿಯ ಹಳೇ ಹೆಂಚಿನ ಮನೆಗಳು ಬಿದ್ದು ಅಪಾರ್ಟ್‌ಮೆಂಟುಗಳು ಎದ್ದವು. ಟೈಪ್‌ರೈಟರ್ ಬೀರುವಿನ ಮೇಲೇರಿತು, ಕಂಪ್ಯೂಟರ್ ಬಂತು. ಕಾರ್ಬನ್ ಮಸಿ ಇಲ್ಲದ ಬೆರಳು ನೋಡಿಕೊಂಡರೆ ಮೊದಮೊದಲು ನನಗೆ ರಜೆಯಲ್ಲಿದ್ದಂತೆ ಅನ್ನಿಸುತ್ತಿತ್ತು. ಹೊಸ ಪದ್ಧತಿಯಲ್ಲಿ ಹಳೇ ಅರ್ಜಿಯನ್ನೇ ನಕಲು ಮಾಡಿ ಹೆಸರು ಬದಲಿಸಿದರೆ ಮುಗಿಯಿತು. ಆ ಅವಸರದಲ್ಲಿ ಒಬ್ಬ ಜೂನಿಯರ್, ಮದುವೆಯೇ ಆಗದ ಪಾರ್ಟಿಗೆ ಹಿಂದಿನ ಕೇಸಿನ ಹೆಂಡತಿ, ಇಬ್ಬರು ಮಕ್ಕಳನ್ನು ಉಳಿಸಿಬಿಟ್ಟಿದ್ದ. ಆ ಪಾರ್ಟಿ ಓದಿಸಿಕೊಂಡು, ಮಕ್ಕಳು ಏನ್ ಓದ್ತಿದಾರೆ ಮೇಡಂ ಎಂದು ನನ್ನನ್ನೇ ಕೇಳಿದ.

ಗಿರಿಜಮ್ಮನ ಕೇಸು ಮಾತ್ರ ಮುಗಿಯಲಿಲ್ಲ. ವಾಯಿದೆ ಮೇಲೆ ವಾಯಿದೆ, ಪ್ರತಿ ವಾಯಿದೆಗೂ ತಡೆಯಾಜ್ಞೆ ಮುಂದುವರಿಯುತ್ತಿತ್ತು. ಆಮೇಲೊಂದು ಬೇಸಿಗೆಯಲ್ಲಿ ಅವಳು ಬಂದಳು, ಕೈಯಲ್ಲಿ ಅರಿಶಿನ ಹಚ್ಚಿದ ಲಗ್ನಪತ್ರಿಕೆ. ಉಮಾಗೆ ಮದುವೆ. ಉಮಾಳೂ ಜೊತೆಗಿದ್ದಳು, ನನ್ನ ಕಂಪ್ಯೂಟರ್ ನೋಡಿ, ಇದು ಟಿಣ್ ಅನ್ನಲ್ವಾ ಆಂಟಿ ಎಂದು ನಕ್ಕಳು.

ತೊಡಕು ಇದ್ದದ್ದು ಹಾಲುಗಂಬದಲ್ಲಿ. ಹುಡುಗಿಯ ಮನೆ ಮುಂದೆ ಚಪ್ಪರ ಹಾಕುವಾಗ ಹಸಿ ಕೊಂಬೆಯ ಹಾಲುಗಂಬವನ್ನು ಸೋದರಮಾವ ಹೊತ್ತು ತಂದು ನೆಡಬೇಕು. ಅವರ ಮನೆತನದಲ್ಲಿ ಅದು ತಪ್ಪಿದ್ದಿಲ್ಲ. ಬೇರೆ ಯಾರಾದರೂ ನೆಟ್ಟರೆ ನಾನು ಆ ಚಪ್ಪರದ ಕೆಳಗೆ ಕಾಲಿಡುವುದಿಲ್ಲ ಎಂದು ಗೌರಮ್ಮ ಕೂತುಬಿಟ್ಟಿದ್ದರು. ನಮ್ಮ ಜೂನಿಯರ್ ಬುದ್ಧಿವಂತ, ಮದುವೆ ಛತ್ರದಲ್ಲಿ ತಾನೆ, ಛತ್ರಕ್ಕೆ ಸ್ಟೇ ಇಲ್ಲ, ಅಲ್ಲಿಗೆ ಬರಲಿ ಅಂದ. ಚಪ್ಪರ ಮನೆ ಮುಂದೆ, ಗೇಟಿನ ಒಳಗೆ ಹಾಕೋದಪ್ಪ ಮಹಾರಾಯ ಎಂದು ನಾನು ಅವನ ಬಾಯಿ ಮುಚ್ಚಿಸಿದೆ.

ಗಿರಿಜಮ್ಮ ತಮ್ಮನಿಗೆ ಹೇಳಿ ಕಳಿಸಿದ್ದಳು, ಬಂದು ನೆಟ್ಟು ಹೋಗಲಿ, ನಾನೇನು ಪೊಲೀಸರಿಗೆ ಹೇಳುವುದಿಲ್ಲ ಅಂತ. ಅವನು ಗೇಟಿನ ಆಚೆಯಿಂದಲೇ ತಾಯಿಗೆ ಉತ್ತರ ಕೊಟ್ಟಿದ್ದ. ಬರಬೇಡ ಅನ್ನುವುದು ಮೊಹರು ಹಾಕಿಸಿಕೊಂಡು ಬಂದಿದೆ, ಅದು ಹೋಯಿತು ಅನ್ನುವುದೂ ಮೊಹರು ಹಾಕಿಸಿಕೊಂಡೇ ಬರಲಿ. ಕೋರ್ಟಿನ ಮಾತು ಮೀರಿದ ಅಂತ ಯಾರಾದರೂ ಬರೆದು ಹಾಕಿದರೆ ಡಿಪೋ ಕೆಲಸ ಹೋಗುತ್ತದೆ. ಅವನ ಮಾತಿನಲ್ಲಿ ಅರ್ಧ ಭಯ, ಅರ್ಧ ರೋಷ.

ಗಿರಿಜಮ್ಮ ಕುರ್ಚಿಯ ತುದಿಯಲ್ಲಿ ಕೂತು ದನಿ ತಗ್ಗಿಸಿ ಕೇಳಿದಳು:

"ಮದುವೆ ಮುಗಿಯೋವರೆಗೆ ಎರಡು ದಿನ ಮಾತ್ರ ಸ್ಟೇ ತೆಗೆಸಿ, ಆಮೇಲೆ ವಾಪಸ್ ಹಾಕಿಸ್ಬಹುದಾ ಸಾರ್?"

ನನಗೆ ರೇಗಿಹೋಯಿತು. "ಏನಮ್ಮ, ಇದೇನು ಚಪ್ಪರಾನಾ, ಎರಡು ದಿನಕ್ಕೆ ಹಾಕಿ ಬಿಚ್ಚೋಕೆ?"

ಅವಳು ಅತ್ತುಬಿಟ್ಟಳು. ಗಾಜು ಒಡೆದ ಸದ್ದು ನಿಮಗೆ ಕೇಳಿಸಿಲ್ಲ ಮೇಡಂ ಅಂದಳು. ಕೇಸು ಪೂರ್ತಿ ಬಿಟ್ಟುಕೊಟ್ಟ ಮೇಲೆ ಅವನು ಮತ್ತೆ ಹಾಗೆ ಬಂದರೆ ತಾನೇನು ಮಾಡಲಿ, ಇಷ್ಟು ವರ್ಷ ಆ ಕಾಗದ ಬೀರುವಿನಲ್ಲಿದೆ ಅನ್ನುವ ಧೈರ್ಯಕ್ಕೇ ತನಗೆ ನಿದ್ದೆ ಬರುತ್ತಿತ್ತು ಎಂದಳು. ಅದೂ ಸುಳ್ಳಲ್ಲ. ನಾನು ಎದ್ದು ನೀರು ತಂದುಕೊಟ್ಟೆ. ಅಂದು ಸಾರ್ ಪತ್ರಿಕೆಯನ್ನು ಮಡಚಿ ಪಕ್ಕಕ್ಕಿಟ್ಟು ನೇರವಾಗಿ ಮಾತಾಡಿದರು.

"ಗಿರಿಜಮ್ಮ, ಅವನು ಮತ್ತೆ ಗಲಾಟೆ ಮಾಡಿದ್ರೆ ಹೊಸ ಕೇಸು ಹಾಕೋಣ, ನಾನಿದೀನಿ. ಆದ್ರೆ ಈ ಕಾಗದ ಇಷ್ಟು ದಿನ ನಿಮ್ಮನ್ನ ಕಾಯ್ತು ಅಂದ್ಕೊಂಡಿದೀರಲ್ಲ, ಇದನ್ನ ಕಾದಿದ್ದು ಅವನು. ಅದನ್ನ ಯೋಚ್ನೆ ಮಾಡಿ, ಆಮೇಲೆ ಹೇಳಿ."

ಅವಳು ಮಾರನೇ ದಿನ ಬಂದು ಸರಿ ಅಂದಳು. ಆದರೆ ಕೇಸಿನ ಮುಂದಿನ ವಾಯಿದೆ ಬೇಸಿಗೆ ರಜೆಯ ಆಚೆಗೆ, ಮದುವೆ ರಜೆಯ ನಡುವೆ. ರಜೆಗೆ ಮುಂಚೆ ಉಳಿದಿದ್ದ ದಿನಗಳು ಬೆರಳೆಣಿಕೆ. ಕೇಸನ್ನು ಮುಂಚಿತವಾಗಿ ತೆಗೆದುಕೊಳ್ಳಿ ಅಂತ ಒಂದು ಅರ್ಜಿ, ಅದಕ್ಕೆ ಪ್ರಮಾಣಪತ್ರ, ಕೇಸು ವಾಪಸ್ ಪಡೆಯುತ್ತೇನೆ ಅಂತ ಒಂದು ಮೆಮೊ. ಮೊದಲ ಅರ್ಜಿ ನಾನು ಟೈಪ್‌ರೈಟರಿನಲ್ಲಿ ಕುಟ್ಟಿದ್ದು, ಇದು ಕಂಪ್ಯೂಟರಿನಲ್ಲಿ. ಚಕ್ಕುಬಂದಿಗೆ ಬೆರಳಿಟ್ಟು ಓದಿದೆ: ಪಶ್ಚಿಮಕ್ಕೆ ರಸ್ತೆ. ಆಮೇಲೆ ಗಿರಿಜಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಪ್ರತಿವಾದಿಯು ನನ್ನ ಒಡಹುಟ್ಟಿದ ತಮ್ಮನಾಗಿರುತ್ತಾನೆ ಅನ್ನುವ ಸಾಲು ಬಂದಾಗ, ಇನ್ನೊಂದು ಸಲ ಓದಿ ಅಂದಳು. ಓದಿದೆ. ಸಹಿ ಹಾಕಿದಳು.

ರಜೆಗೆ ಮುಂಚಿನ ಕೊನೆಯ ದಿನ ಕೋರ್ಟ್ ಹಾಲಿನಲ್ಲಿ ಕಾಲಿಡಲು ಜಾಗವಿಲ್ಲ. ಕಪ್ಪು ಕೋಟುಗಳ ನಡುವೆ ಸೆಕೆ, ಮೇಲೆ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ಮಧ್ಯಾಹ್ನವಾದರೂ ನಮ್ಮ ಕೇಸು ಕೂಗಲಿಲ್ಲ. ಗಿರಿಜಮ್ಮ ನನ್ನ ಕೈ ಹಿಡಿದುಕೊಂಡಿದ್ದಳು, ಅವಳ ಅಂಗೈ ತಣ್ಣಗಿತ್ತು. ಇವತ್ತು ತಪ್ಪಿದರೆ ಹಾಲುಗಂಬ ಇಲ್ಲ, ಅವ್ವ ಇಲ್ಲ, ನನ್ನ ಮಗಳ ಮದುವೆ ಎಂಥ ಮದುವೆ ಮೇಡಂ ಅನ್ನುತ್ತಿದ್ದಳು. ಹೊತ್ತು ಇಳಿದ ಮೇಲೆ ಜವಾನ ಕೂಗಿದ. ಗಿರಿಜಮ್ಮ ಎದ್ದಳು. ಆಮೇಲೆ ಪದ್ಧತಿಯಂತೆ ಮಲ್ಲೇಶನ ಹೆಸರು, ಒಂದು ಸಲ, ಎರಡು ಸಲ, ಮೂರು ಸಲ. ಯಾರೂ ಬರಲಿಲ್ಲ. ನಾನು ಕಿಟಕಿಯಿಂದ ಹೊರಗಿನ ಮರದ ಕಡೆ ನೋಡಿದೆ. ನೀಲಿ ಬಟ್ಟೆಯವನು ಅಲ್ಲೇ ಕೂತಿದ್ದ, ತಲೆ ತಗ್ಗಿಸಿಕೊಂಡು.

ನ್ಯಾಯಾಧೀಶರು ಮೆಮೊ ಓದಿ, ಕನ್ನಡಕದ ಮೇಲಿಂದ ಗಿರಿಜಮ್ಮನನ್ನು ನೋಡಿದರು. ನಿಮ್ಮ ಇಷ್ಟದಿಂದಲೇ ವಾಪಸ್ ತಗೊಳ್ತಿದೀರಾ, ಯಾರಾದರೂ ಹೆದರಿಸಿದ್ದಾರಾ, ಈಗಲೂ ಹೆದರಿಕೆ ಇದೆಯಾ ಎಂದು ಕೇಳಿದರು. ಇಲ್ಲ ಅನ್ನಮ್ಮಾ ಎಂದು ನನ್ನ ಮನಸ್ಸು ಕೂಗುತ್ತಿತ್ತು.

"ಇದೆ ಸ್ವಾಮಿ, ಸ್ವಲ್ಪ ಇದೆ," ಅಂದಳು ಗಿರಿಜಮ್ಮ. "ಆದ್ರೂ ತೆಗೆದುಬಿಡಿ. ಯಾರೂ ಹೇಳ್ಕೊಟ್ಟಿಲ್ಲ, ನಾನೇ ಹೇಳ್ತಿದೀನಿ."

ನ್ಯಾಯಾಧೀಶರು ಮೆಮೊ ಮೇಲೆ ಬರೆದರು. ಕೇಸು ವಾಪಸ್, ತಡೆಯಾಜ್ಞೆ ರದ್ದು. ಅಷ್ಟು ವರ್ಷದ ಗೋಡೆ ಎರಡು ಸಾಲಿನಲ್ಲಿ ಹೋಯಿತು. ಮೊಹರು ಹಾಕಿದ ನಕಲಿಗೆ ತುರ್ತು ಅರ್ಜಿ ಕೊಟ್ಟು, ರಜೆಯಲ್ಲೂ ತೆರೆದಿದ್ದ ನಕಲು ವಿಭಾಗಕ್ಕೆ ಅಲೆದು, ಚಪ್ಪರದ ಹಿಂದಿನ ದಿನ ನಾನೇ ಡಿಪೋಗೆ ಹೋಗಿ ಮಲ್ಲೇಶನ ಕೈಗೆ ಕೊಟ್ಟೆ. ಅವನು ಗ್ರೀಸಿನ ಕೈ ಒರೆಸಿಕೊಂಡು, ಕಾಗದವನ್ನು ತುದಿಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇದ್ರಲ್ಲಿ ಬಾ ಅಂತ ಎಲ್ಲಿದೆ ಮೇಡಂ?"

ಕೋರ್ಟು ಹಾಗೆಲ್ಲ ಬರೆಯಲ್ಲಪ್ಪ, ಬರಬೇಡ ಅಂದಿದ್ದನ್ನು ವಾಪಸ್ ತಗೊಳ್ಳುತ್ತೆ ಅಷ್ಟೆ ಅಂದೆ. ಅವನು ಸುಮ್ಮನೆ ಮಡಚಿ ಜೇಬಿಗಿಟ್ಟುಕೊಂಡ. ಬರುತ್ತೀನಿ ಅಂತಲೂ ಹೇಳಲಿಲ್ಲ.

ಮಾರನೇ ಬೆಳಿಗ್ಗೆ ಸಾರೂ ನಾನೂ ಬನಶಂಕರಿಗೆ ಹೋದೆವು. ಬೀದಿಯಲ್ಲಿ ಎಳೆ ಬಿಸಿಲು, ಅದೇ ಉದುರಿದ ಕೆಂಪು ಹೂವು. ಮನೆ ಮುಂದೆ ತೆಂಗಿನ ಗರಿ ರಾಶಿ ಬಿದ್ದಿತ್ತು, ಗುಂಡಿ ತೋಡಿ ಹಾಲು ತುಪ್ಪ ಇಟ್ಟುಕೊಂಡು ಕಾಯುತ್ತಿದ್ದರು. ಮಲ್ಲೇಶ ಬಂದ. ಬಿಳಿ ಪಂಚೆ, ಹೆಗಲ ಮೇಲೆ ಎಲೆಗಳಿದ್ದ ಹಸಿ ಅತ್ತಿ ಕೊಂಬೆ. ನೇರವಾಗಿ ಬಂದವನು ಚಪ್ಪಡಿ ಕಲ್ಲಿನ ಮೇಲೆ ನಿಂತುಬಿಟ್ಟ. ಗೇಟು ಪೂರ್ತಿ ತೆರೆದಿತ್ತು. ಒಂದು ಹೆಜ್ಜೆ. ಅವನು ಇಡಲಿಲ್ಲ. ಅವನ ಜೇಬಿನಲ್ಲಿ ಮೊಹರಿನ ಕಾಗದ ಉಬ್ಬಿಕೊಂಡಿದ್ದು ನನಗೆ ಕಾಣುತ್ತಿತ್ತು. ಸಾರ್ ಕಡೆ ನೋಡಿದೆ, ಅವರ ಕೈಯಲ್ಲಿ ಅಂದು ಪತ್ರಿಕೆ ಇರಲಿಲ್ಲ.

ಗಿರಿಜಮ್ಮ ಒಳಗಿನಿಂದ ಬಂದಳು. ಸೀರೆಯ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಮೆಟ್ಟಿಲ ಮೇಲೆ ನಿಂತು ತಮ್ಮನನ್ನು ನೋಡಿದಳು.

"ಮಲ್ಲೇಶ, ಬಾರೋ ಒಳಗೆ."

ಒಂದೇ ಸಲ ಕೂಗಿದ್ದು. ಕೋರ್ಟಿನಲ್ಲಿ ಮೂರು ಸಲ ಕೂಗಿದರೂ ಏಳದವನು, ಮಳೆಯಲ್ಲಿ ತಾಯಿ ಅತ್ತರೂ ದಾಟದವನು, ಚಪ್ಪಲಿಯನ್ನು ಚಪ್ಪಡಿಯ ಮೇಲೆ ಬಿಟ್ಟು ಒಳಗೆ ಬಂದ. ಕೊಂಬೆಯನ್ನು ಗುಂಡಿಗೆ ಇಳಿಸಿದ. ಉಮಾ ಬಂದು ಇನ್ನೊಂದು ಪಕ್ಕದಿಂದ ಕೊಂಬೆ ಹಿಡಿದುಕೊಂಡಳು. ಗಿರಿಜಮ್ಮ ಮಣ್ಣು ಹಾಕಿದಳು. ನನಗೂ ಕಣ್ಣು ತುಂಬಿ ಏನೂ ಸರಿಯಾಗಿ ಕಾಣುತ್ತಿರಲಿಲ್ಲ.

ಆಗ ಗೇಟಿನ ಹತ್ತಿರ ಸದ್ದಾಯಿತು. ಮಲ್ಲೇಶ ಆಗಲೇ ಒಳಗೆ ಬಂದದ್ದು ತಿಳಿಯದೆ ಗೌರಮ್ಮ ಅಡುಗೆಮನೆಯ ಪಕ್ಕದ ಓಣಿಯಿಂದ, ಮಗ ಬರುವ ಹೊತ್ತಾಯಿತು ಅಂತ ಹಳೇ ಅಭ್ಯಾಸದಂತೆ, ಸ್ಟೀಲ್ ಲೋಟದಲ್ಲಿ ಕಾಫಿ ಹಿಡಿದು, ಮಂಡಿ ನೋವಿನಲ್ಲೇ ಕುಂಟುತ್ತಾ ಗೇಟು ದಾಟಿ ಹೊರಗೆ ಹೋಗಿದ್ದರು. ಚಪ್ಪಡಿಯ ಮೇಲೆ ಅವನ ಚಪ್ಪಲಿ ಮಾತ್ರ ಇತ್ತು. ಅದರ ಪಕ್ಕ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು, ಬೀದಿಯ ಆ ತುದಿ ಈ ತುದಿ ಅವನನ್ನೇ ಹುಡುಕುತ್ತಿದ್ದರು.

"ಅವ್ವಾ," ಅಂದ ಮಲ್ಲೇಶ ಚಪ್ಪರದ ಕೆಳಗಿನಿಂದ. "ಇಲ್ಲೇ ಇದೀನಿ. ಒಳಗೆ."